ಹೃದಯ ಕೋಶದ ಸಂಕೇತ ಪ್ರೋಟೀನುಗಳು

ಓಡುವಾಗ, ಹೆದರಿದಾಗ ಅಡ್ರಿನಾಲಿನ್ ಹೃದಯ ಸ್ನಾಯುಕೋಶದ ಪೊರೆಯಲ್ಲಿರುವ ಬೀಟಾ-1 ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ. ಅದು ಕೋಶದೊಳಗೆ ಹೋಗುವುದಿಲ್ಲ. ಪರೀಕ್ಷೆಯಲ್ಲಿ ಅಭ್ಯರ್ಥಿಗಳು ಎಡವುವುದು ಇಲ್ಲೇ. ಗ್ರಾಹಕವು ಜಿ-ಪ್ರೋಟೀನನ್ನು ಚುರುಕುಗೊಳಿಸುತ್ತದೆ. ಅದರಿಂದ ಅಡೆನಿಲೈಲ್ ಸೈಕ್ಲೇಸ್ ಕಿಣ್ವ ಎಚ್ಚೆತ್ತು ಎಟಿಪಿಯಿಂದ ಸೈಕ್ಲಿಕ್ ಎಎಂಪಿ ತಯಾರಿಸುತ್ತದೆ. ಮುಂದಿನ ಕೆಲಸ ಸೈಕ್ಲಿಕ್ ಎಎಂಪಿ ಚುರುಕುಗೊಳಿಸುವ ಪ್ರೋಟೀನ್ ಕೈನೇಸ್-ಎ ಕಿಣ್ವದ್ದು. ಅದು ಕ್ಯಾಲ್ಸಿಯಂ ಕಾಲುವೆಗಳಿಗೆ ಫಾಸ್ಫೇಟ್ ಸೇರಿಸಿದಾಗ ಕ್ಯಾಲ್ಸಿಯಂ ಹೆಚ್ಚು ಒಳಬಂದು ಸಂಕೋಚನ ಬಲವಾಗುತ್ತದೆ. ಫಾಸ್ಫೊಲ್ಯಾಂಬಾನ್ ಎಂಬ ಪ್ರೋಟೀನಿಗೂ ಫಾಸ್ಫೇಟ್ ಸೇರುವುದರಿಂದ ಕ್ಯಾಲ್ಸಿಯಂ ಬೇಗ ಕೋಶದೊಳಗಿನ ಸಂಗ್ರಹಕ್ಕೆ ಮರಳಿ, ಸ್ನಾಯು ಬೇಗ ಸಡಿಲವಾಗುತ್ತದೆ.

ಈ ಸಂಕೇತ ಸರಣಿಯ ಸಂಶೋಧನೆಗೆ ಬಂದ ನೊಬೆಲ್: ಸದರ್ಲೆಂಡ್ (1971), ಗಿಲ್ಮನ್ ಮತ್ತು ರಾಡ್‌ಬೆಲ್ (1994), ಲೆಫ್ಕೊವಿಟ್ಜ್ ಮತ್ತು ಕೊಬಿಲ್ಕಾ (2012). ಕೊನೆಯದು ರಸಾಯನಶಾಸ್ತ್ರಕ್ಕೆ, ವೈದ್ಯಕೀಯ ಎಂದು ಗುರುತು ಹಾಕಬೇಡಿ. ಬೀಟಾ ಗ್ರಾಹಕವನ್ನು ತಡೆಯುವ ಔಷಧಿಗಳೇ ಬೀಟಾ ಬ್ಲಾಕರ್‌ಗಳು. ಅವುಗಳಲ್ಲೊಂದಾದ ಪ್ರೊಪ್ರನೊಲಾಲ್ ರೂಪಿಸಿದ ಜೇಮ್ಸ್ ಬ್ಲ್ಯಾಕ್‌ಗೆ 1988ರಲ್ಲಿ ನೊಬೆಲ್ ಬಂತು.

ನಮ್ಮ ದೇಶಕ್ಕೆ ಸಂಬಂಧಿಸಿದ್ದು ಇನ್ನೂ ಮುಖ್ಯ. ಕೈನೇಸ್-ಎ ಫಾಸ್ಫೇಟ್ ಸೇರಿಸುವ ಇನ್ನೊಂದು ಪ್ರೋಟೀನು ಮಯೋಸಿನ್ ಬೈಂಡಿಂಗ್ ಪ್ರೋಟೀನ್-ಸಿ. ಅದರ ಜೀನ್ ಎಂವೈಬಿಪಿಸಿ3. ಇದರಲ್ಲಿ 25 ಕ್ಷಾರ ಜೋಡಿಗಳು ಕಳೆದುಹೋದ ರೂಪ ದಕ್ಷಿಣ ಏಷ್ಯಾದವರಲ್ಲಿ ಸುಮಾರು ಶೇ 4ರಷ್ಟು ಮಂದಿಯಲ್ಲಿದೆ. ಹೃದಯ ಸ್ನಾಯು ರೋಗದ ಅಪಾಯವನ್ನು ಅದು ಹೆಚ್ಚಿಸುತ್ತದೆ ಎಂದು 2009ರಲ್ಲಿ ವರದಿಯಾಯಿತು.