ಘರಕುಲ್ ಕಂತು ನಿಲ್ಲದಿರಲು

ಗಡಹಿಂಗ್ಲಜ ತಾಲೂಕಿನ ಹಳ್ಳಿಗಳಲ್ಲಿ ಘರಕುಲ್ ಎಂದೇ ಕರೆಯುವ ನೆರವು 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದ್ದು. ಸೋರುವ ಮಾಡಿನ ದುರಸ್ತಿಗೆ ಇದರಲ್ಲಿ ಹಣವಿಲ್ಲ. ಕಚ್ಚಾ ಮನೆಯ ಬದಲಿಗೆ ಅಡುಗೆ ಜಾಗವೂ ಸೇರಿ ಕನಿಷ್ಠ 25 ಚದರ ಮೀಟರಿನ ಪಕ್ಕಾ ಮನೆ ಏಳಬೇಕು. ಬಯಲು ಪ್ರದೇಶದಲ್ಲಿ ಸಹಾಯಧನ 1.20 ಲಕ್ಷ ರೂಪಾಯಿ. ಕೇಂದ್ರ ಮತ್ತು ರಾಜ್ಯದ ಪಾಲು 60:40.

ಹಣ ಕಂತುಗಳಲ್ಲಿ ಬ್ಯಾಂಕ್ ಖಾತೆಗೇ ಬರುತ್ತದೆ. ಕೆಲಸದ ಹಂತ ತೋರಿಸುವ, ಸ್ಥಳದ ಗುರುತಿರುವ ಫೋಟೊ ಆವಾಸ್ ಆ್ಯಪ್‌ಗೆ ಏರದಿದ್ದರೆ ಮುಂದಿನ ಕಂತು ನಿಲ್ಲುತ್ತದೆ. ಹಳೆಯ ಮನೆಯ ಫೋಟೊ ಕೂಡ ಬೇಕು. ಆದ್ದರಿಂದ ಅದಕ್ಕೂ ಮೊದಲು ಗೋಡೆ ಕೆಡವಬಾರದು. ಗುತ್ತಿಗೆದಾರರಿಗೆ ಮನೆ ವಹಿಸುವಂತಿಲ್ಲ. ಜಾಗ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ವಾರಸಾ ನೋಂದಣಿಯನ್ನು ಮೊದಲೇ ಮುಗಿಸುವುದು ಕ್ಷೇಮ.

ಕೊಲ್ಹಾಪುರ, ಗಡಹಿಂಗ್ಲಜ ಪಟ್ಟಣ ಮತ್ತು 2022ರಲ್ಲಿ ಮಹಾನಗರಪಾಲಿಕೆಯಾದ ಇಚಲಕರಂಜಿಗೆ ನಗರ ವಿಭಾಗದ ನಿಯಮ. 2024ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಎರಡನೇ ಆವೃತ್ತಿಯಲ್ಲಿ ಸ್ವಂತ ಜಾಗದಲ್ಲಿ ಕಟ್ಟುವವರ ವಾರ್ಷಿಕ ಆದಾಯ 3 ಲಕ್ಷ ರೂಪಾಯಿ ಮೀರಬಾರದು. ಮನೆ 30ರಿಂದ 45 ಚದರ ಮೀಟರ್ ಇರಬೇಕು. ಕೇಂದ್ರ 1.5 ಲಕ್ಷ, ರಾಜ್ಯ ಕನಿಷ್ಠ 1 ಲಕ್ಷ ಕೊಡುತ್ತದೆ. ಕಳೆದ 20 ವರ್ಷಗಳಲ್ಲಿ ಯಾವುದೇ ಸರಕಾರಿ ವಸತಿ ಯೋಜನೆಯ ಲಾಭ ಪಡೆದಿರಬಾರದು. ಪತಿ, ಪತ್ನಿ, ಅವಿವಾಹಿತ ಮಕ್ಕಳ ಹೆಸರಲ್ಲಿ ದೇಶದಲ್ಲೆಲ್ಲೂ ಪಕ್ಕಾ ಮನೆ ಇರಬಾರದು. ಗಡಿಯಾಚೆ ಸಂಕೇಶ್ವರದಲ್ಲೋ ನಿಪ್ಪಾಣಿಯಲ್ಲೋ ಇರುವ ಮನೆಯೂ ಲೆಕ್ಕಕ್ಕೆ ಬರುತ್ತದೆ, ಅದನ್ನು ಮುಚ್ಚಿಡಬಾರದು.

ಪಂಚಗಂಗೆಯ ದಡದವರು 2019 ಮತ್ತು 2021ರ ಪೂರವನ್ನು ನೆನೆದು ನೀಲಿ ಪೂರರೇಷೆಯನ್ನು ನಕ್ಷೆಯಲ್ಲಿ ಮೊದಲು ನೋಡಬೇಕು. ಅದರೊಳಗೆ ಹೊಸ ಕಟ್ಟಡಕ್ಕೆ ಸಾಮಾನ್ಯವಾಗಿ ಪರವಾನಗಿ ಸಿಗುವುದಿಲ್ಲ.