ಅರಿಶಿನ ಹಸಿರಾದ ವಿಚಾರ

ಚಿ|| ಅಳಿಯನಿಗೆ,

ನೀನು ತೆಗೆದು ಕಳಿಸಿದ ಮದುವೆ ವಿಡಿಯೊ ಎರಡು ಸಲ ನೋಡಿದೆ. ಮೊದಲ ಸಲ ನಮ್ಮ ಟಿ.ವಿ.ಯೇ ಕೆಟ್ಟಿತೇನೋ ಅಂದುಕೊಂಡೆ. ಹುಡುಗಿಯ ಕೆನ್ನೆಯ ಅರಿಶಿನಕ್ಕೆ ಪಾಚಿ ಹಿಡಿದಂತಿದೆ, ಧಾರೆ ಸೀರೆ ಇಟ್ಟಿಗೆ ಪುಡಿಯಾಗಿದೆ, ಬಾಗಿಲ ಬಾಳೆಕಂದು ನವಿಲಿನ ನೀಲಿಗೆ ತಿರುಗಿದೆ. ಕೆಳಗೆ ನೋಡಿದರೆ ‘ಸಿನಿಮ್ಯಾಟಿಕ್’ ಅಂತ ಹೆಸರು ಬೇರೆ! ಮಾರನೇ ದಿನವೇ ನಿನ್ನ ಅಮ್ಮ ಫೋನ್ ಮಾಡಿ ಹೊಸ ಕ್ಯಾಮೆರಾ ಬಾಡಿ, ಅದಕ್ಕೆ ಸೊಸೈಟಿ ಸಾಲ ಅಂತ ಏನೇನೋ ಹೇಳಿದಳು. ಫೋನಿನಲ್ಲಿ ಮಾತಾಡಿದರೆ ನೀನು ‘ಹ್ಞೂಂ ಮಾವ’ ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯಲು ಕೂತೆ.

ಸಾಲ ಮಾಡಬೇಕೋ ಬೇಡವೋ ಅಂತ ತೀರ್ಪು ಕೊಡುವುದಕ್ಕಲ್ಲ. ದುಡಿಯುವವನು ನೀನು, ಕಂತು ಕಟ್ಟುವವನೂ ನೀನೇ. ನನಗಾದದ್ದನ್ನು ಹೇಳುತ್ತೇನೆ, ತೂಗಿ ನೋಡು.

1992ರಲ್ಲಿ ನಾನು ತಿಪಟೂರಿನಲ್ಲಿ ಹೊಸದಾಗಿ ವಿಡಿಯೊ ಅಂಗಡಿ ಇಟ್ಟಿದ್ದೆ. ಹೆಗಲ ಮೇಲೆ ಹೊರುವ ವಿಎಚ್‌ಎಸ್ ಕ್ಯಾಮೆರಾ, ಹಿಂದೆ ಸಾವಿರ ವಾಟಿನ ಹ್ಯಾಲೊಜನ್ ಹಿಡಿದ ಲೈಟ್ ಹುಡುಗ. ಆ ದೀಪದ ಝಳಕ್ಕೆ ಪುರೋಹಿತರು ಮಂತ್ರದ ನಡುವೆಯೇ ನನ್ನನ್ನು ಬೈಯುತ್ತಿದ್ದರು, ಮದುಮಗಳ ಕುಂಕುಮ ಬೆವರಿಗೆ ಇಳಿಯುತ್ತಿತ್ತು. ಹಳ್ಳಿಯ ಕಡೆ ವೋಲ್ಟೇಜ್ ಬಿದ್ದರಂತೂ ದೀಪ ಮಂಕಾಗುವುದಷ್ಟೇ ಅಲ್ಲ, ಕೆಂಪಗೂ ಆಗುತ್ತಿತ್ತು. ಅದನ್ನು ಕಣ್ಣಿನಿಂದ ಗುರುತಿಸುವುದು ಕಲಿಯಲು ನನಗೆ ಎರಡು ವರ್ಷ ಬೇಕಾಯಿತು.

ಒಂದು ಮದುವೆಯಲ್ಲಿ ಬಿಳಿ ಬಿಳಿಯಾಗೇ ಕಾಣಲಿ ಅಂತ ಒಳಗಿನ ಹ್ಯಾಲೊಜನ್ ಬೆಳಕಿಗೆ ವೈಟ್ ಬ್ಯಾಲೆನ್ಸ್ ಗುಂಡಿ ಒತ್ತಿಕೊಂಡಿದ್ದೆ. ಧಾರೆ ಮುಗಿಯಿತು. ಅರುಂಧತಿ ನಕ್ಷತ್ರ ತೋರಿಸಲು ವಧೂವರರನ್ನು ಹೊರಗೆ ಕರೆದುಕೊಂಡು ಹೋದರು, ನಾನೂ ಹಿಂದೆಯೇ ಓಡಿದೆ. ಬೆಳಕಿನ ಬಣ್ಣದ ಲೆಕ್ಕದಲ್ಲಿ ಹ್ಯಾಲೊಜನ್ ಅಂದರೆ ಸುಮಾರು 3200 ಕೆಲ್ವಿನ್, ನಡುಹಗಲ ಬಿಸಿಲು 5600. ಗುಂಡಿ ಮತ್ತೆ ಒತ್ತಬೇಕೆಂಬುದು ಆ ಗಡಿಬಿಡಿಯಲ್ಲಿ ಮರೆತೇಹೋಯಿತು. ವ್ಯೂಫೈಂಡರ್ ಕಪ್ಪುಬಿಳುಪಿನದು, ಅದರಲ್ಲಿ ಬಣ್ಣ ಎಲ್ಲಿ ತಿಳಿಯಬೇಕು? ಕ್ಯಾಸೆಟ್ ಹಾಕಿ ತೋರಿಸಿದಾಗ ಹೊರಗಿನದೆಲ್ಲ ನೀಲಿ. ಹುಡುಗಿಯ ಅಪ್ಪ ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ, “ಏನಪ್ಪಾ, ನನ್ ಮಗ್ಳು ಕೆರೇಲಿ ಮುಳುಗಿ ಎದ್ದೋಳ್ ಹಂಗೆ ಕಾಣ್ತಾಳಲ್ಲ?” ಅಂದರು. ಬೈಯಲಿಲ್ಲ. ಅರ್ಧ ದುಡ್ಡು ಮೇಜಿನ ಮೇಲಿಟ್ಟು ಹೋದರು. ಆ ಉಳಿದರ್ಧವನ್ನು ನಾನು ಯಾವತ್ತೂ ಕೇಳಲಿಲ್ಲ.

ಆಮೇಲೆ ಹುಷಾರಾದೆ ಅಂತ ತಿಳಿದೆ. ಪ್ರತಿ ಮದುವೆಯಲ್ಲೂ ಮದುಮಗನ ಪಂಚೆಗೆ ಕ್ಯಾಮೆರಾ ಹಿಡಿದು ಬಿಳಿ ಒತ್ತುತ್ತಿದ್ದೆ. ಆದರೂ ಚಿತ್ರ ಯಾಕೋ ಹಳದಿಗೆ ವಾಲುತ್ತಿತ್ತು. ನನಗೆ ಕೆಲಸ ಕಲಿಸಿದ ಸ್ಟುಡಿಯೊ ಯಜಮಾನರು ಕಪ್ಪುಬಿಳುಪು ಫೋಟೋಗಳಿಗೆ ಕುಂಚದಲ್ಲಿ ಬಣ್ಣ ತುಂಬುತ್ತಿದ್ದ ಕಾಲದವರು. ಒಂದು ಕ್ಯಾಸೆಟ್ ನೋಡಿದವರೇ ನಕ್ಕರು. “ಪಂಚೆಗೆ ನೀಲಿ ಹಾಕಿ ಅದ್ದಿರ್ತಾರೆ ಕಣೋ. ಅದು ನಿನ್ನ ಕ್ಯಾಮೆರಾಗೆ ಗೊತ್ತಾಯ್ತು, ನಿನಗೆ ಗೊತ್ತಾಗಲಿಲ್ಲ” ಅಂದರು. ನೀಲಿ ಮಿಶ್ರಿತ ಬಿಳುಪನ್ನೇ ಶುದ್ಧ ಬಿಳಿ ಅಂತ ತೋರಿಸಿದರೆ ಕ್ಯಾಮೆರಾ ಆ ನೀಲಿಯನ್ನು ಕಳೆದು ಉಳಿದದ್ದನ್ನೆಲ್ಲ ಹಳದಿ ಮಾಡುತ್ತದೆ. ಅವತ್ತಿನಿಂದ ಗ್ರೇ ಕಾರ್ಡು ನನ್ನ ಚೀಲದಲ್ಲಿ. ಬೆಳಕಿನಲ್ಲಿ ನೂರಕ್ಕೆ 18 ಪಾಲು ಮಾತ್ರ ಹಿಂದಿರುಗಿಸುವ ಬೂದು ಹಲಗೆ, ಅಷ್ಟೇ.

ನಿನ್ನ ವಿಡಿಯೊದಲ್ಲಿ ಕ್ಯಾಮೆರಾ ಅರ್ಚಕರ ಮುಖದಿಂದ ಕೆಂಪು ಸೀರೆಗಳ ಸಾಲಿಗೆ ತಿರುಗುವಾಗ ಗೋಡೆಯ ಬಣ್ಣ ನಿಧಾನಕ್ಕೆ ಬದಲಾಗುತ್ತದೆ, ಗಮನಿಸಿದೆಯಾ? ಆಟೊ ವೈಟ್ ಬ್ಯಾಲೆನ್ಸ್. ಮೂವತ್ತು ವರ್ಷದ ಹಿಂದೆ ನಾನು ಗುಂಡಿ ಒತ್ತುವುದನ್ನು ಮರೆತೆ. ನೀನು ಒತ್ತುವ ಗೋಜಿಗೇ ಹೋಗಿಲ್ಲ.

ಇನ್ನು ಲಾಗ್ ಪ್ರೊಫೈಲ್. ನಿನ್ನ ಸೋನಿ ಎ7 ತ್ರೀ 2018ರ ಕ್ಯಾಮೆರಾ, ವಿಡಿಯೊ ಬರೆಯುವುದು 8 ಬಿಟ್ಟಿನಲ್ಲಿ. ಅಂದರೆ ಕೆಂಪಿಗೊಂದು, ಹಸಿರಿಗೊಂದು, ನೀಲಿಗೊಂದು ಏಣಿ. ಒಂದೊಂದಕ್ಕೂ 256 ಮೆಟ್ಟಿಲು. ಎಸ್-ಲಾಗ್ ತ್ರೀ ಹಾಕಿದರೆ ಇಡೀ ಮಂಟಪದ ಕತ್ತಲೆ ಬೆಳಕು ಅಷ್ಟರಲ್ಲೇ ಒತ್ತರಿಸಿಕೊಂಡು ಕೂರಬೇಕು, ಮುಖದ ಪಾಲಿಗೆ ಸಿಗುವುದು ಕೆಲವೇ ಮೆಟ್ಟಿಲು. ಮನೆಗೆ ಬಂದು ನೀನು ಅದನ್ನು ಎಳೆದು ಹಿಗ್ಗಿಸುತ್ತೀಯ. ಹೋಮದ ಹೊಗೆ ಪಟ್ಟೆಪಟ್ಟೆಯಾಗಿ ಒಡೆಯದೆ ಏನಾದೀತು? ಮೇಲಾಗಿ ಆ ಪ್ರೊಫೈಲ್‌ನಲ್ಲಿ ಐಎಸ್‌ಒ 800ಕ್ಕಿಂತ ಕೆಳಗೆ ಇಳಿಯುವುದೂ ಇಲ್ಲ. ಇಷ್ಟು ಸಾಲದು ಅಂತ ಅದರ ಮೇಲೆ ಒಂದು ಲಟ್, ಅಂದರೆ ರೆಡಿಮೇಡ್ ಬಣ್ಣದ ಪಾಕ! ಯಾವನೋ ಪುಣ್ಯಾತ್ಮ ತನ್ನ ಊರಿನ ಬಿಸಿಲಿಗೆ, ತನ್ನವರ ಮೈಬಣ್ಣಕ್ಕೆ ಮಾಡಿಕೊಂಡದ್ದನ್ನು ದುಡ್ಡು ಕೊಟ್ಟು ತಂದು ನಮ್ಮ ಹುಡುಗಿಯ ಅರಿಶಿನದ ಮೇಲೆ ಬಳಿದಿದ್ದೀಯ. ಬೇರೆಯವರ ಕನ್ನಡಕ ಹಾಕಿಕೊಂಡು ಓದಲು ಕೂತ ಹಾಗಾಯಿತು.

10 ಬಿಟ್ ಬಾಡಿ ಬಂದರೆ ಮೆಟ್ಟಿಲು 1024 ಆಗುತ್ತದೆ, ಹೊಗೆ ಒಡೆಯುವುದು ಬಹಳ ಮಟ್ಟಿಗೆ ನಿಲ್ಲುತ್ತದೆ. ಒಪ್ಪುತ್ತೇನೆ. ಆದರೆ ಮಂಟಪದ ಬೆಳಕು ಹಾಗೇ ಇರುತ್ತದಲ್ಲ! ಡೆಕೊರೇಷನ್ನಿನವನ ಅಗ್ಗದ ಎಲ್‌ಇಡಿಯಲ್ಲಿ ಕೆಂಪಿನ ಅಂಶವೇ ಕಮ್ಮಿ, ಇಲ್ಲದ ಕೆಂಪನ್ನು ಯಾವ ಬಾಡಿಯೂ ಹುಟ್ಟಿಸುವುದಿಲ್ಲ. ಹಿಂದಿನಿಂದ ನೇರಳೆ ಪಾರ್ ಲೈಟು, ಮುಂದಿನಿಂದ 5600ರಲ್ಲಿ ನಿನ್ನ ಲೈಟು, ಮೇಲಿನಿಂದ ಹಳದಿ ಬಲ್ಬು: ಒಂದು ಮುಖಕ್ಕೆ ಮೂರು ಬಣ್ಣ. ಮುಹೂರ್ತದ ಹಿಂದಿನ ಸಂಜೆಯೇ ಹೋಗಿ ಡೆಕೊರೇಷನ್ನಿನವನಿಗೆ ಒಂದು ಟೀ ಕೊಡಿಸು. ಧಾರೆಯ ಹೊತ್ತಿಗೆ ಆ ನೇರಳೆಯೊಂದನ್ನು ಆರಿಸಿಕೊಡಲು ಕೇಳು. ಹತ್ತರಲ್ಲಿ ಎಂಟು ಮಂದಿ ಆರಿಸುತ್ತಾರೆ. ನಿನ್ನ ಲೈಟನ್ನು ಮಂಟಪದ ಬಲ್ಬಿನ ಬಣ್ಣಕ್ಕೆ ಇಳಿಸು, ಕಾರ್ಡು ಮದುಮಗಳ ಮುಖದ ಹತ್ತಿರ ಹಿಡಿಸಿ ವೈಟ್ ಬ್ಯಾಲೆನ್ಸ್ ತೆಗೆದು ಅಲ್ಲಿಗೇ ಬಿಡು. ಊಟದ ಹಾಲಿಗೆ ಹೋದಾಗ ಮತ್ತೆ ತೆಗೆ. ಲಾಗ್ ಬಿಟ್ಟು ಸಿನೆ4 ಪ್ರೊಫೈಲ್ ಹಾಕು. ಶಟರ್ 1/50ರಲ್ಲಿರಲಿ, ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟು ಮಿನುಗುವುದಿಲ್ಲ.

ಬೆಳಕೇ ಮುಖ್ಯ ಅನ್ನುವುದಕ್ಕೆ ಒಂದು ಉದಾಹರಣೆ: ಮೈಸೂರಿನಲ್ಲಿ ಹುಟ್ಟಿದ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು 1959ರ ‘ಕಾಗಜ್ ಕೇ ಫೂಲ್’ಗೆ ಬಿಸಿಲನ್ನೇ ಕನ್ನಡಿಗಳಲ್ಲಿ ಹಿಡಿದು ಸ್ಟುಡಿಯೊದೊಳಗೆ ಇಳಿಸಿದರು. ಬಣ್ಣವೇ ಇಲ್ಲದ ಚಿತ್ರ ಅದು. ಲಟ್ ಕೊಳ್ಳುವ ಮುಂಚೆ ಒಮ್ಮೆ ನೋಡು.

ನನ್ನದೂ ಒಂದು ತಪ್ಪೊಪ್ಪಿಗೆ ಇದೆ. “ಹುಡುಗೀನ ಸ್ವಲ್ಪ ಬೆಳ್ಳಗೆ ಕಾಣೋ ಹಂಗೆ ಮಾಡಿ” ಅಂತ ಹೇಳದ ತಾಯಿಯನ್ನು ನಾನು ಕಂಡಿಲ್ಲ. ವರ್ಷಗಟ್ಟಲೆ ಐರಿಸ್ ತೆರೆದು ಹಾಗೇ ಮಾಡಿದೆ. ಮುಖ ಸುಣ್ಣ ಬಳಿದ ಗೋಡೆಯಾಯಿತು, ಮೂಗುಬೊಟ್ಟು ಕರಗಿಹೋಯಿತು. ಮುಖದ ಬೆಳಕು ಅಳೆಯುವ ಜೀಬ್ರಾ ಪಟ್ಟೆ 70ಕ್ಕಿರಲಿ ಅಂತ ಹೇಳಿಕೊಡುತ್ತಾರಲ್ಲ, ಅದು ಬಿಳಿಯರ ಚರ್ಮದ ಲೆಕ್ಕ. ನಮ್ಮ ಗೋಧಿಬಣ್ಣ, ಎಣ್ಣೆಗೆಂಪು 50, 55ರ ಸುತ್ತ ಇದ್ದರೆ ಚೆನ್ನ. ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್ ಪುಕ್ಕಟೆ ಸಿಗುತ್ತದೆ, ಅದರಲ್ಲಿ ಬಣ್ಣ ಅಳೆಯುವ ವೆಕ್ಟರ್‌ಸ್ಕೋಪ್ ತೆರೆದು ಚರ್ಮದ ಗೆರೆ ನೋಡು. ಕಪ್ಪಗಿನವರದ್ದೂ ಬೆಳ್ಳಗಿನವರದ್ದೂ ಹೆಚ್ಚುಕಡಿಮೆ ಅದೇ ಗೆರೆಯ ಮೇಲೆ ಬೀಳುತ್ತದೆ. ಇದು ನನಗೆ ಗೊತ್ತಾದದ್ದು ಐವತ್ತು ದಾಟಿದ ಮೇಲೆ.

ಜಾಸ್ತಿ ಗದರಿದೆನೇನೋ. ಅಂತರಪಟ ಸರಿದು ಇಬ್ಬರೂ ಜೀರಿಗೆ ಬೆಲ್ಲ ಹಾಕುವಾಗ ಆ ಹುಡುಗಿ ಕಣ್ಣು ಮುಚ್ಚಿಕೊಂಡಳಲ್ಲ, ನೀನು ಅಲ್ಲಾಡದೆ ಅಲ್ಲೇ ನಿಂತಿದ್ದೆ. ಬೇರೆ ಯಾರಾದರೂ ನೆಂಟರ ಕಡೆ ತಿರುಗಿಸಿಬಿಡುತ್ತಿದ್ದರು. ಅದನ್ನು ನಾನು ನಿನಗೆ ಹೇಳಿಕೊಟ್ಟಿರಲಿಲ್ಲ.

ಸೊಸೈಟಿಯ ಅರ್ಜಿಗೆ ಮುಂದಿನ ವಾರದವರೆಗೆ ಸಹಿ ಹಾಕಬೇಡ. ಭಾನುವಾರ ಕ್ಯಾಮೆರಾ ತಗೊಂಡು ಬಾ. ನಿಮ್ಮತ್ತೆಯ ಧಾರೆ ಸೀರೆ ಪೆಟ್ಟಿಗೆಯಿಂದ ತೆಗೆಸಿಡುತ್ತೇನೆ, ನಡುಮನೆಯ ಕಿಟಕಿಯ ಬೆಳಕಿನಲ್ಲಿ ಅದರ ಕೆಂಪು ಸರಿಯಾಗಿ ಬರುವವರೆಗೂ ತೆಗೆಯೋಣ. ಬ್ಯಾಟರಿ ಚಾರ್ಜ್ ಮಾಡಿಕೊಂಡು ಬಾ.

ಇಂತಿ,
ನಿನ್ನ ಮಾವ