ಎಡಗೈ ಪಿಯಾನೊ: ಒಂದು ಪಾಠದ ಅನುಭವ

ಎಂಟನೇ ತರಗತಿಗೆ ನಾನು ಆರಿಸಿಕೊಂಡದ್ದು ವಿಯೆನ್ನಾದ ಪಿಯಾನೊ ವಾದಕ ಪಾಲ್ ವಿಟ್‌ಗೆನ್‌ಸ್ಟೈನ್ ಅವರ ಬದುಕು. 1913ರಲ್ಲಿ ಮೊದಲ ಕಛೇರಿ. ಮರುವರ್ಷವೇ ಮಹಾಯುದ್ಧದಲ್ಲಿ ಗಾಯಗೊಂಡು ಬಲಗೈ ಕಳೆದುಕೊಂಡರು. ಸೈಬೀರಿಯದ ಸೆರೆಯಲ್ಲಿ ಮರದ ಪೆಟ್ಟಿಗೆಯ ಮೇಲೆ ಕೀಲಿಮಣೆ ಬರೆದುಕೊಂಡು ಎಡಗೈ ಬೆರಳಾಡಿಸುತ್ತಿದ್ದರಂತೆ.

ಪೀಠಿಕೆಗೆಂದು ಮಕ್ಕಳಿಂದಲೂ ಡೆಸ್ಕಿನ ಮೇಲೆ ಸೀಮೆಸುಣ್ಣದಲ್ಲಿ ಕೀಲಿಮಣೆ ಬರೆಸಿದೆ. ಮೇಲಿನ ರಾಗ, ಕೆಳಗಿನ ಮಂದ್ರ ಎರಡನ್ನೂ ಒಂದೇ ಕೈ ನುಡಿಸುವುದು ಹೇಗೆ? ರಾಗವನ್ನು ಹೆಚ್ಚಾಗಿ ಹೆಬ್ಬೆರಳು ಹಿಡಿಯುತ್ತದೆ. ಮಂದ್ರದ ಸ್ವರ ಒತ್ತಿ ಕೈ ಮೇಲಕ್ಕೆ ಹಾರಿದರೂ, ಕಾಲಡಿಯ ಪೆಡಲ್ ಆ ಸ್ವರವನ್ನು ನಿಲ್ಲಗೊಡುವುದಿಲ್ಲ. ಯೋಜನೆಯಲ್ಲಿ ಮೂರು ನಿಮಿಷ ಬರೆದಿದ್ದೆ, ಹತ್ತು ಹಿಡಿಯಿತು.

ರಾವೆಲ್ ಅವರಿಂದ ಬರೆಸಿಕೊಂಡ ಎಡಗೈ ಕಾನ್ಸರ್ಟೊವನ್ನು 1932ರ ಜನವರಿಯಲ್ಲಿ ವಿಯೆನ್ನಾದಲ್ಲಿ ನುಡಿಸಿದರು. (ಸ್ವರಗಳನ್ನು ತಮ್ಮಿಷ್ಟದಂತೆ ತಿದ್ದಿ ರಾವೆಲ್ ಅವರ ಸಿಟ್ಟಿಗೂ ಗುರಿಯಾದರು.) ಇಷ್ಟು ಹೇಳಿ, ಮೌಲ್ಯದ ಉದ್ದೇಶವೆಂದು ಹಲಗೆಯ ಮೇಲೆ 'ಛಲವಿದ್ದರೆ ಸಾಕು' ಎಂದು ಬರೆದೆ.

ಹಿಂದಿನ ಬೆಂಚಿನ ಹುಡುಗಿ ಎದ್ದಳು. "ಮಿಸ್, ರಾವೆಲ್‌ಗೆ ದುಡ್ಡು ಕೊಟ್ಟೋರು ಯಾರು?"

"ಅವರೇ. ಅವರ ತಂದೆ ಉಕ್ಕಿನ ದೊಡ್ಡ ಉದ್ಯಮಿ."

"ಹಂಗಾದ್ರೆ ಅದೇ ಯುದ್ಧದಲ್ಲಿ ಕೈ ಹೋದ ಬಡವ್ರು?"

ತರಗತಿ ನನ್ನನ್ನೇ ನೋಡುತ್ತಿತ್ತು. ಉತ್ತರ ಹೊಳೆಯಲಿಲ್ಲ. 'ಸಾಕು' ಎಂಬುದನ್ನು ಒರೆಸಿದೆ; ಅಷ್ಟರಲ್ಲಿ ಗಂಟೆ ಹೊಡೆಯಿತು. ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ 'ಮುಕ್ತಾಯ ಅಪೂರ್ಣ' ಎಂದು ಬರೆದಿದ್ದಾರೆ. ಒಪ್ಪುತ್ತೇನೆ. ಇದೇ ಪಾಠವನ್ನು ಮುಂದಿನ ವಾರ 'ಬಿ' ವಿಭಾಗಕ್ಕೆ ಮಾಡಬೇಕಿದೆ. ಪೀಠಿಕೆಯಲ್ಲಿ ಆ ಹುಡುಗಿಯ ಪ್ರಶ್ನೆಯನ್ನೇ ಇಟ್ಟಿದ್ದೇನೆ.